ಗ್ರ್ಯಾಮಿ ಪ್ರಶಸ್ತಿಯ ಪಂಕ್ತಿಗಳು

ಮದುವೆಯ ಮನೆಯಲ್ಲಿ ಎಲೆ ಹಾಕುವವನ ಕಷ್ಟ ಹಾಕಿದವನಿಗೇ ಗೊತ್ತು. ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಿದರೆ ಯಾರಿಗೆ ಮುನಿಸೋ ತಿಳಿಯದು. ಎಲ್ಲರಿಗೂ ಎಡೆಯಾಯಿತೆಂದು ನೆಮ್ಮದಿಯಿಂದ ಉಸಿರುಬಿಡುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಳ ಚರಿತ್ರೆಯೂ ಹೆಚ್ಚುಕಡಮೆ ಇಂಥದೇ. ಸಂಗೀತದ ಧ್ವನಿಮುದ್ರಿಕೆಗಳಿಗೆ ವರ್ಷಕ್ಕೊಮ್ಮೆ ಕೊಡುವ ಈ ಬಹುಮಾನಗಳನ್ನು ಯಾರು ಗೆದ್ದರೆಂಬ ಸುದ್ದಿ ಎಲ್ಲ ಕಡೆಯೂ ಬರುತ್ತದೆ. ಗೆಲ್ಲುವ ಮಾತು ಹಾಗಿರಲಿ, ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಯಾರಿಗೆ ಎಡೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದೇ ನನಗೆ ಹೆಚ್ಚು ಸ್ವಾರಸ್ಯವಾದ ಕಥೆಯಾಗಿ ಕಾಣುತ್ತದೆ.

‘ಗ್ರ್ಯಾಮಿ’ ಎಂಬುದು ಗ್ರಾಮಫೋನು ಎಂಬ ಮಾತಿನ ಮುದ್ದಿನ ರೂಪ. ಎಮಿಲ್ ಬರ್ಲಿನರ್ 1887ರಲ್ಲಿ ರೂಪಿಸಿದ ಆ ಯಂತ್ರದ ಪುಟ್ಟ ಹೊಂಬಣ್ಣದ ಪ್ರತಿಕೃತಿಯೇ ಬಹುಮಾನ. 1957ರಲ್ಲಿ ಅಮೆರಿಕದ ಮುದ್ರಿಕಾ ಕಂಪೆನಿಗಳ ಪ್ರಮುಖರು ಕೂಡಿ ಒಂದು ಅಕಾಡೆಮಿಯನ್ನು ಸ್ಥಾಪಿಸಿದರು. ಮೊದಲ ಸಮಾರಂಭ 1959ರ ಮೇ 4ರಂದು ಬೆವರ್ಲಿ ಹಿಲ್ಸ್ ಮತ್ತು ನ್ಯೂಯಾರ್ಕ್ ಎರಡು ಕಡೆಯೂ ಏಕಕಾಲಕ್ಕೆ ನಡೆಯಿತು. ಅಂದು ಇದ್ದ ವಿಭಾಗಗಳು 28. ಜಾಝ್ ಸಂಗೀತದ ಎಲಾ ಫಿಟ್ಜ್‌ಜೆರಾಲ್ಡ್ ಮತ್ತು ಕೌಂಟ್ ಬೇಸಿ ಅವರಿಗೆ ಎರಡೆರಡು ಪ್ರಶಸ್ತಿಗಳು ಬಂದವು. ಅಳಿಲುಗಳು ಹಾಡುವಂತೆ ಧ್ವನಿಯ ವೇಗವನ್ನು ಹೆಚ್ಚಿಸಿ ಮಾಡಿದ ಮಕ್ಕಳ ಹಾಡೊಂದು ಮೂರನ್ನು ಹೊತ್ತುಕೊಂಡುಹೋಯಿತು. ಆದರೆ ಆ ಕಾಲದ ತರುಣರನ್ನು ಕುಣಿಸುತ್ತಿದ್ದ ರಾಕ್ ಆ್ಯಂಡ್ ರೋಲ್ ಸಂಗೀತಕ್ಕೆ ವಿಭಾಗವೇ ಇರಲಿಲ್ಲ. ಅದಕ್ಕೊಂದು ಎಡೆ ದೊರೆತದ್ದು 1962ರ ಸಮಾರಂಭದಲ್ಲಿ.

ವಿಭಾಗಗಳೊಳಗೆ ಪ್ರಧಾನವಾದವು ನಾಲ್ಕು: ವರ್ಷದ ಮುದ್ರಿಕೆ, ವರ್ಷದ ಆಲ್ಬಂ, ವರ್ಷದ ಗೀತೆ, ಉತ್ತಮ ಹೊಸ ಕಲಾವಿದ. ಮುದ್ರಿಕೆಗೂ ಗೀತೆಗೂ ಏನು ಭೇದವೆಂದು ಕೇಳುವವರುಂಟು. ಗೀತೆಯ ಪ್ರಶಸ್ತಿ ಸಾಹಿತ್ಯ ಮತ್ತು ಮಟ್ಟನ್ನು ರಚಿಸಿದವರಿಗೆ ಸಲ್ಲುತ್ತದೆ. ಮುದ್ರಿಕೆಯದು ಹಾಡಿದವರಿಗೂ ಅದನ್ನು ಧ್ವನಿಮುದ್ರಣಶಾಲೆಯಲ್ಲಿ ಸಿದ್ಧಗೊಳಿಸಿದವರಿಗೂ ಸಲ್ಲುತ್ತದೆ. ಗಾಯಕನನ್ನು ಮಾತ್ರ ನೆನೆದು ಕವಿಯನ್ನು ಮರೆಯುವ ನಮ್ಮಂಥ ಕೇಳುಗರು ಈ ವಿವೇಕವನ್ನು ಗಮನಿಸತಕ್ಕದ್ದು.

ಇನ್ನು ನಮ್ಮ ದೇಶದ ಸಂಗೀತಕ್ಕೆ ಅಲ್ಲಿ ಯಾವ ಸ್ಥಾನ ದೊರೆಯಿತೆಂದು ನೋಡೋಣ. 1968ರಲ್ಲಿ ಪಂಡಿತ ರವಿಶಂಕರರು ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರೊಡನೆ ನುಡಿಸಿದ ‘ವೆಸ್ಟ್ ಮೀಟ್ಸ್ ಈಸ್ಟ್’ ಮುದ್ರಿಕೆಗೆ ಗ್ರ್ಯಾಮಿ ಬಂದಿತು. ಬಂದದ್ದು ಯಾವ ವಿಭಾಗದಲ್ಲಿ? ಯೂರೋಪಿನ ಚೇಂಬರ್ ಸಂಗೀತದ ವಿಭಾಗದಲ್ಲಿ! ಸಿತಾರಿನ ರಾಗಕ್ಕೆ ತನ್ನದೇ ಮನೆಯಿಲ್ಲದೆ ನೆಂಟರ ಮನೆಯಲ್ಲಿ ಇಳಿದುಕೊಳ್ಳಬೇಕಾಯಿತು. ‘ವಿಶ್ವಸಂಗೀತ’ ಎಂಬ ವಿಭಾಗ ಏರ್ಪಟ್ಟದ್ದು 1992ರಲ್ಲಿ. ಆ ವರ್ಷ ಗೆದ್ದ ‘ಪ್ಲಾನೆಟ್ ಡ್ರಮ್’ ಮುದ್ರಿಕೆಯಲ್ಲಿ ಝಾಕಿರ್ ಹುಸೇನರ ತಬಲವೂ ವಿಕ್ಕು ವಿನಾಯಕರಾಮ್ ಅವರ ಘಟವೂ ಇದ್ದವು. 1994ರಲ್ಲಿ ವಿಶ್ವಮೋಹನ ಭಟ್ಟರು ರೈ ಕೂಡರ್ ಅವರೊಂದಿಗೆ ಅದೇ ವಿಭಾಗದಲ್ಲಿ ಗೆದ್ದರು.

ವಿಂಗಡಣೆಯೆಂಬುದು ನಮಗೆ ಹೊಸತಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸಂಗೀತವನ್ನು ಮಾರ್ಗ, ದೇಶೀ ಎಂದು ಎರಡಾಗಿ ವಿಂಗಡಿಸಿದ್ದಾನೆ. ಆಯಾ ನಾಡಿನ ಜನಕ್ಕೆ ರುಚಿಸುವ ಗಾನವೆಲ್ಲ ದೇಶೀ. ಆದರೆ ಶಾಸ್ತ್ರಕಾರನು ದೇಶಿಯನ್ನು ಹೊರಗಿನದೆಂದು ದೂಡದೆ ಅದರ ರಾಗತಾಳಗಳನ್ನು ಬಿಡಿಸಿ ಬಿಡಿಸಿ ಹೇಳಿದ್ದಾನೆ. ಅಮೆರಿಕದ ‘ವಿಶ್ವಸಂಗೀತ’ದಲ್ಲಿಯಾದರೋ ಪಟ್ಟಿಗೆ ಸಿಕ್ಕದ ಲೋಕವೆಲ್ಲ ಒಂದೇ ಎಲೆಯಲ್ಲಿ ಉಣ್ಣಬೇಕಾಗಿತ್ತು. ಆ ಹೆಸರಿಗೆ ವಸಾಹತುಕಾಲದ ವಾಸನೆಯಿದೆಯೆಂದು ಒಪ್ಪಿಕೊಂಡು ಅಕಾಡೆಮಿಯೇ ಅದನ್ನು 2020ರಲ್ಲಿ ‘ಜಾಗತಿಕ ಸಂಗೀತ’ವೆಂದು ಬದಲಿಸಿತು.

ಎಡೆಗಾಗಿ ಅಮೆರಿಕದವರೇ ಜಗಳವಾಡಿದ್ದೂ ಉಂಟು. 1989ರಲ್ಲಿ ರ‍್ಯಾಪ್ ಗಾಯನಕ್ಕೆ ಮೊದಲ ಬಾರಿ ಬಹುಮಾನವಿಟ್ಟರು. ಆದರೆ ಅದನ್ನು ಕೊಡುವುದು ಟೆಲಿವಿಷನ್ನಿನಲ್ಲಿ ಕಾಣಿಸುವುದಿಲ್ಲವೆಂದು ತಿಳಿದಾಗ ಗೆದ್ದವರೇ ಸಮಾರಂಭಕ್ಕೆ ಬರಲಿಲ್ಲ. ವಿಭಾಗಗಳು ಬೆಳೆಯುತ್ತ ಬೆಳೆಯುತ್ತ 2011ರ ವೇಳೆಗೆ 109 ಆದವು. ಇದು ಅತಿಯಾಯಿತೆಂದು, ಸ್ಪರ್ಧೆ ಬಿಗಿಯಾಗಬೇಕೆಂದು, ಮುಂದಿನ ವರ್ಷ ಅಕಾಡೆಮಿ ಅವನ್ನು 78ಕ್ಕೆ ಇಳಿಸಿತು. ಹವಾಯಿ ದ್ವೀಪಗಳ ಸಂಗೀತ, ಅಮೆರಿಕದ ಮೂಲನಿವಾಸಿಗಳ ಸಂಗೀತ ಇವೆಲ್ಲ ಒಂದೇ ‘ಪ್ರಾದೇಶಿಕ’ ವಿಭಾಗದೊಳಗೆ ಸೇರಿಹೋದವು. ಲ್ಯಾಟಿನ್ ಜಾಝ್ ವಿಭಾಗವನ್ನು ಅಳಿಸಿದ್ದಕ್ಕೆ ಬಾಬಿ ಸನಾಬ್ರಿಯಾ ಮೊದಲಾದ ವಾದಕರು ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಕಡೆಗೆ 2013ರ ಸಮಾರಂಭಕ್ಕೆ ಆ ವಿಭಾಗ ಮರಳಿ ಬಂದಿತು. ಅವರು ಕೇಳಿದ್ದು ಪದಕವನ್ನಲ್ಲ. ತಮ್ಮ ಸಂಗೀತಕ್ಕೂ ಒಂದು ಹೆಸರಿದೆ, ಆ ಹೆಸರಿನಿಂದ ಕರೆಯಿರಿ ಎಂಬುದನ್ನು. 2024ರ ವೇಳೆಗೆ ವಿಭಾಗಗಳು ಮತ್ತೆ 94ಕ್ಕೆ ಏರಿದವು.

ಬೆಂಗಳೂರಿನ ರಿಕಿ ಕೇಜ್ ಅವರ ನಿದರ್ಶನ ಇಲ್ಲಿ ಉಚಿತವಾಗಿದೆ. ಸ್ಟೂವರ್ಟ್ ಕೋಪ್‌ಲ್ಯಾಂಡರೊಡನೆ ಅವರು ರಚಿಸಿದ ‘ಡಿವೈನ್ ಟೈಡ್ಸ್’ 2022ರಲ್ಲಿ ‘ನ್ಯೂ ಏಜ್’ ವಿಭಾಗದಲ್ಲಿ ಗೆದ್ದಿತು. ಅದೇ ಕೃತಿಯ ಇನ್ನೊಂದು ಮುದ್ರಣ 2023ರಲ್ಲಿ, ಕೇಳುಗನ ಸುತ್ತಲೂ ಧ್ವನಿ ತುಂಬುವ ತಾಂತ್ರಿಕ ಕುಶಲತೆಗಾಗಿ, ಬೇರೊಂದು ವಿಭಾಗದಲ್ಲಿ ಗೆದ್ದಿತು. ಸಂಗೀತ ಒಂದೇ, ನೋಡುವ ಬಾಗಿಲು ಎರಡು.

ಈ ಮಾತನ್ನು ಬರೆಯುವಾಗ ಹಳೆಯದೊಂದು ತಪ್ಪು ನನ್ನನ್ನು ಚುಚ್ಚುತ್ತದೆ. ಹಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವದ ಗಾಯನಸ್ಪರ್ಧೆಗೆ ಪಟ್ಟಿ ಮಾಡಿದವನು ನಾನೇ: ಶಾಸ್ತ್ರೀಯ, ಭಾವಗೀತೆ, ಜನಪದಗೀತೆ. ಒಬ್ಬ ಹುಡುಗ ತಾತನಿಂದ ಕಲಿತ ತತ್ತ್ವಪದ ಹಾಡಲು ಏಕತಾರಿ ಹಿಡಿದು ಬಂದ. “ಇದು ಯಾವುದರಲ್ಲಿ ಬರುತ್ತೆ ಸಾರ್?” ಎಂದು ಕೇಳಿದ. ನಾನು ಪಟ್ಟಿಯನ್ನು ನೋಡಿ, “ಇದರಲ್ಲಿ ಇಲ್ಲವಪ್ಪ” ಎಂದೆ. ಅವನು ಮರುಮಾತಾಡದೆ ಹೊರಟುಹೋದ. ಪಟ್ಟಿಗೆ ಒಂದು ಗೆರೆ ಸೇರಿಸಲು ನನ್ನ ಕೈಯಲ್ಲಿಯೇ ಲೇಖನಿ ಇತ್ತು. ಮರುವರ್ಷ ಸೇರಿಸಿದೆ, ಅಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟಿದ್ದ.