ಮಗ್ಗದಿಂದ ಹೊರಟ ‘ಷಟಲ್’

ಬೆಳಗಾವಿಯ ವಡಗಾವಿ ನೇಕಾರರ ಬಡಾವಣೆ. ಪಕ್ಕದ ಶಹಾಪುರ, ಖಾಸಬಾಗಗಳಂತೆ ಇಲ್ಲಿಯೂ ಓಣಿಯಲ್ಲಿ ಕಾಲಿಟ್ಟೊಡನೆ ಕಿವಿಗೆ ಬೀಳುವುದು ವಿದ್ಯುತ್ ಮಗ್ಗಗಳ ಖಟಖಟ ಸದ್ದು. ಮಗ್ಗದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಲಾಳಿ ಹೊಡೆಸಿಕೊಂಡು ಓಡುವ ಸದ್ದು ಅದು. ಈ ಲಾಳಿಗೆ ಇಂಗ್ಲಿಷಿನಲ್ಲಿ ‘ಷಟಲ್’ ಎಂದು ಹೆಸರು. ಷಟಲ್ ರೈಲು, ಷಟಲ್ ಬ್ಯಾಡ್ಮಿಂಟನ್ ಎಂದು ನಾವು ದಿನವೂ ಆಡುವ ಮಾತಿನ ತವರು ಮನೆ ಮಗ್ಗವೇ.

ಬಟ್ಟೆಗೆ ಎರಡು ಬಗೆಯ ಎಳೆಗಳು ಬೇಕು. ಉದ್ದಕ್ಕೆ ಬಿಗಿದ ಎಳೆ ಹಾಸು. ಅಡ್ಡಲಾಗಿ ಅದರೊಳಗೆ ಹೋಗುವ ಎಳೆ ಹೊಕ್ಕು. ದೋಣಿಯಾಕಾರದ ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಲಾಳಿ ಒಮ್ಮೆ ದಾಟಿದರೆ ಒಂದು ಎಳೆ, ಮರಳಿದರೆ ಇನ್ನೊಂದು ಎಳೆ. ಸೀರೆ ಮುಗಿಯುವವರೆಗೂ ಅದಕ್ಕೆ ಇದೇ ಕೆಲಸ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಬಾಣ, ಈಟಿ ಎಂಬ ಅರ್ಥವಿತ್ತು. ಬಾಣ ಬಿಡುವುದಕ್ಕೆ ಬಳಸುವ ‘ಷೂಟ್’ ಇದರ ದಾಯಾದಿ. ಮುಂದೆ ಅದು ಮಗ್ಗದ ಸಾಧನದ ಹೆಸರಾಯಿತು. 16ನೇ ಶತಮಾನದ ಹೊತ್ತಿಗೆ ಕ್ರಿಯಾಪದವೂ ಆಯಿತು. ಎರಡು ಸ್ಥಳಗಳ ನಡುವೆ ಮತ್ತೆ ಮತ್ತೆ ಹೋಗಿ ಬರುವುದು ಎಂಬುದು ಅದರ ಅರ್ಥ.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಒಂದೇ ಪದ ಸಿಗುವುದು ಕಷ್ಟ. ಉತ್ತರ ಕರ್ನಾಟಕದ ‘ಅಡ್ಡಾಡು’ ಎಂಬುದಕ್ಕೆ ಗೊತ್ತಾದ ಗುರಿ ಬೇಕಿಲ್ಲ. ‘ಎಡತಾಕು’ ಎಂದರೆ ಕೆಲಸವಾಗದೆ ಕಚೇರಿಗೆ ಅಲೆಯುವ ಬೇಸರವೂ ಸೇರಿಕೊಳ್ಳುತ್ತದೆ. ಖಾನಾಪುರದಿಂದ ಬೆಳಿಗ್ಗೆ ಬಸ್ಸು ಹಿಡಿದು ಬೆಳಗಾವಿಗೆ ಬಂದು, ಸಂಜೆ ಊರಿಗೆ ಮರಳುವ ನೌಕರನ ನಿತ್ಯದ ಓಡಾಟಕ್ಕೆ ‘ಷಟಲ್’ ತಕ್ಕ ಮಾತು. ಎರಡು ತುದಿ, ಒಂದೇ ದಾರಿ, ದಿನವೂ ಮರಳಿಕೆ.

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹೊಸ ಬಗೆಯ ಲಾಳಿಗೆ ಹಕ್ಕುಪತ್ರ ಪಡೆದ. ಅಲ್ಲಿಯವರೆಗೆ ಲಾಳಿಯನ್ನು ಕೈಯಿಂದ ಕೈಗೆ ಎಸೆಯಬೇಕಿತ್ತು; ಅಗಲ ಬಟ್ಟೆಗೆ ಇಬ್ಬರು ಬೇಕಾಗುತ್ತಿದ್ದರು. ಈಗ ಹಗ್ಗ ಜಗ್ಗಿದರೆ ಸಾಕು, ಒಬ್ಬನೇ ನೇಯಬಹುದು. ಕೆಲಸ ಹೋಗುವುದೆಂದು ಹೆದರಿದ ನೇಕಾರರು ಅವನ ಮೇಲೆ ಸಿಟ್ಟಾದರು. ಅವನ ಕೊನೆಗಾಲ ಫ್ರಾನ್ಸಿನಲ್ಲಿ ಕಳೆಯಿತು. ಕನ್ನಡದ ಪಠ್ಯಪುಸ್ತಕಗಳು ಆ ಸಾಧನವನ್ನು ‘ಹಾರುವ ಲಾಳಿ’ ಎಂದವು. ಮರಾಠಿಯಲ್ಲಿ ಅದು ‘ಧಾವತಾ ಧೋಟಾ’, ಅಂದರೆ ಓಡುವ ಲಾಳಿ. ಎರಡೂ ಭಾಷೆ ಆಡುವ ವಡಗಾವಿಯಲ್ಲಿ ಒಂದೇ ಲಾಳಿ ಹಾರಲೂಬಹುದು, ಓಡಲೂಬಹುದು!

ಪದ ಮಾತ್ರ ಮಗ್ಗ ಬಿಟ್ಟು ದೂರ ನಡೆಯಿತು. ಎರಡು ನಿಲ್ದಾಣಗಳ ನಡುವೆ ಹೋಗಿ ಬರುವ ಗಾಡಿ ಷಟಲ್ ರೈಲಾಯಿತು. ಬಲೆಯ ಆಚೀಚೆ ಹಾರುವ ಪುಕ್ಕದ ಚೆಂಡಿಗೂ ಅದೇ ಹೆಸರು ಅಂಟಿತು. ಕನ್ನಡಿಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದದ್ದು ಈ ಆಟದಲ್ಲಿಯೇ. 1973ರ ಅರಬ್–ಇಸ್ರೇಲ್ ಯುದ್ಧದ ನಂತರ ಅಮೆರಿಕದ ಹೆನ್ರಿ ಕಿಸಿಂಜರ್ ರಾಜಧಾನಿಯಿಂದ ರಾಜಧಾನಿಗೆ ಹಾರಿ ನಡೆಸಿದ ಸಂಧಾನಕ್ಕೆ ‘ಷಟಲ್ ರಾಜತಂತ್ರ’ ಎಂದರು. 1981ರಿಂದ 2011ರವರೆಗೆ ಆಕಾಶಕ್ಕೆ ಹೋಗಿ ಭೂಮಿಗೆ ಮರಳುತ್ತಿದ್ದ ಅಮೆರಿಕದ ನೌಕೆಯೂ ಷಟಲ್ಲೇ.

ಇಂಗ್ಲಿಷರು ಮಗ್ಗದಿಂದ ಲಾಳಿಯನ್ನು ಎತ್ತಿಕೊಂಡರು. ಕನ್ನಡಿಗರು ಎಳೆಗಳನ್ನು ಎತ್ತಿಕೊಂಡರು. ಬಿಡಿಸಲಾರದಂತೆ ಬೆರೆತದ್ದನ್ನು ನಾವು ‘ಹಾಸುಹೊಕ್ಕು’ ಎನ್ನುತ್ತೇವೆ. ‘ಹೊಕ್ಕು’ ಎಂಬುದೂ ‘ಹೊಗು’ ಎಂಬ ಚಲನೆಯ ಕ್ರಿಯಾಪದದಿಂದ ಬಂದದ್ದೇ.

ಆದರೆ ಪದಕ್ಕೆ ಸಿಕ್ಕ ಭಾಗ್ಯ ಅದನ್ನು ಹುಟ್ಟಿಸಿದ ಕಸುಬಿಗೆ ಸಿಕ್ಕಿಲ್ಲ. ಕೈಮಗ್ಗವನ್ನು ವಿದ್ಯುತ್ ಮಗ್ಗದ ಪೈಪೋಟಿಯಿಂದ ಕಾಯಲು ಕೆಲವು ಬಗೆಯ ಬಟ್ಟೆಗಳನ್ನು ಅದಕ್ಕೇ ಮೀಸಲಿಡುವ ಕೇಂದ್ರ ಕಾಯ್ದೆ 1985ರಲ್ಲಿ ಬಂತು. ಈಗ ವಿದ್ಯುತ್ ಮಗ್ಗಕ್ಕೂ ಪೈಪೋಟಿ ಇದೆ. ಗಾಳಿಯ, ನೀರಿನ ಒತ್ತಡದಿಂದ ಎಳೆಯನ್ನು ದಾಟಿಸುವ ಹೊಸ ಯಂತ್ರಗಳಲ್ಲಿ ಲಾಳಿಯೇ ಇಲ್ಲ. ಅವುಗಳ ವೇಗ ಹೆಚ್ಚು, ಬೆಲೆಯೂ ಹೆಚ್ಚು. ಮನೆಯಲ್ಲಿ ಎರಡೋ ನಾಲ್ಕೋ ಮಗ್ಗ ಇಟ್ಟುಕೊಂಡ ನೇಕಾರನ ಕೈಗೆ ಅವು ಎಟುಕುವುದಿಲ್ಲ. ನೇಯ್ದ ಸೀರೆಗೆ ತಕ್ಕಂತೆ ಮಜೂರಿ ಪಡೆಯುವವನಿಗೆ ಕರೆಂಟು ಹೋದ ಹೊತ್ತು ಕೂಲಿ ಇಲ್ಲದ ಹೊತ್ತು. 2020ರ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತಾಗ ನೇಕಾರರ ಮನೆಗಳಿಗೆ ಇದರ ಬಿಸಿ ತಟ್ಟಿತು.

‘ಷಟಲ್’ ಎಂಬ ಮಾತು ಲಾಳಿ ಇಲ್ಲದೆಯೂ ನಿಘಂಟಿನಲ್ಲಿ ಉಳಿಯುತ್ತದೆ. ವಡಗಾವಿಯ ಮನೆಗಳಲ್ಲಿ ಒಲೆ ಹೊತ್ತಲು ಮಾತ್ರ ಲಾಳಿ ಓಡಲೇಬೇಕು.