ನ್ಯಾಯಮೂರ್ತಿ ಫಜಲ್ ಅಲಿ ಮತ್ತು ನಮ್ಮ ಗಡಿ

ನಮ್ಮ ನಿಲಂಗಾ, ಉದಗೀರ ತಾಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ಅಂಗಗಳಾಗಿದ್ದವು. ಅಂದು ಇವೆರಡೂ ಅಹಮದಪುರದೊಡನೆ ಮುಂಬಯಿ ರಾಜ್ಯವನ್ನು ಸೇರಿದವು. ಉಳಿದ ಬೀದರದ ಬಹುಭಾಗ ಮೈಸೂರು ರಾಜ್ಯಕ್ಕೆ ಸಂದಿತು. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ಅದೂ ಮುಂಬಯಿಯ ಪಾಲಾಯಿತು. ರಾಜ್ಯಗಳ ಪುನರ್ವಿಂಗಡಣೆಯೆಂದೊಡನೆ ಫಜಲ್ ಅಲಿಯವರ ಹೆಸರು ನೆನಪಿಗೆ ಬರುವುದರಿಂದ, ನಮ್ಮನ್ನು ಬೀದರದಿಂದ ಬೇರ್ಪಡಿಸಿದವರೂ ಅವರೇ ಎಂದು ಭಾವಿಸುವುದು ಸಹಜ. ವಾಸ್ತವವು ಹಾಗಿಲ್ಲ.

ಸೈಯದ್ ಫಜಲ್ ಅಲಿಯವರು ಜನಿಸಿದುದು 1886ರಲ್ಲಿ. ಪಾಟ್ನಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು, 1943ರಲ್ಲಿ ಅಲ್ಲಿಯೇ ಮುಖ್ಯ ನ್ಯಾಯಾಧೀಶರಾದರು. 1947ರಲ್ಲಿ ದಿಲ್ಲಿಯ ಫೆಡರಲ್ ನ್ಯಾಯಾಲಯವನ್ನು ಸೇರಿದರು. 1950ರಲ್ಲಿ ಸುಪ್ರೀಂ ಕೋರ್ಟು ಸ್ಥಾಪನೆಯಾದಾಗ ಅದರ ಮೊದಲ ನ್ಯಾಯಾಧೀಶರಲ್ಲಿ ಒಬ್ಬರಾದರು. ಅದೇ ವರ್ಷ ಎ. ಕೆ. ಗೋಪಾಲನ್ ಅವರ ಮೊಕದ್ದಮೆ ವಿಚಾರಣೆಗೆ ಬಂದಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾನೂನನ್ನು ಆರು ಮಂದಿ ನ್ಯಾಯಾಧೀಶರಲ್ಲಿ ನಾಲ್ವರು ಬಹುಮಟ್ಟಿಗೆ ಎತ್ತಿಹಿಡಿದರು. ಫಜಲ್ ಅಲಿಯವರು ಒಪ್ಪಲಿಲ್ಲ. ಶಾಸನಸಭೆ ಮಾಡಿದ ಕಾನೂನೆಂಬಷ್ಟೇ ಸಾಲದು, ಸೆರೆಯಾದವನ ಮಾತನ್ನು ಕೇಳುವ ನ್ಯಾಯವೂ ಅದರಲ್ಲಿರಬೇಕು ಎಂಬುದು ಅವರ ಮತ. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಆ ದಾರಿಗೇ ಬಂದಿತು. ಅದನ್ನು ಕಾಣಲು ಅವರಿರಲಿಲ್ಲ. ಅಸ್ಸಾಮಿನ ರಾಜ್ಯಪಾಲರಾಗಿರುವಾಗಲೇ 1959ರಲ್ಲಿ ತೀರಿಕೊಂಡಿದ್ದರು.

1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷತೆ ಅವರಿಗೆ ಒದಗಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. ಬಿಹಾರದೊಡನೆ ತಮಗೆ ದೀರ್ಘಕಾಲದ ಸಂಬಂಧವಿದ್ದ ಕಾರಣ, ಆ ರಾಜ್ಯದ ಗಡಿವಿವಾದಗಳ ವಿಚಾರಣೆಯಿಂದ ಅಧ್ಯಕ್ಷರು ತಾವಾಗಿಯೇ ದೂರ ಉಳಿದರು. ಇಂತಹ ಸಂಕೋಚವು ಗಡಿಯ ರಾಜಕಾರಣದಲ್ಲಿ ನಮಗೆ ಹೆಚ್ಚಾಗಿ ಕಂಡುಬಂದಿಲ್ಲ.

1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯು ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು ಕರ್ನಾಟಕಕ್ಕೆ ಕೊಟ್ಟಿತು. ಬೀದರವನ್ನು ಮಾತ್ರ ಒಡೆಯದೆ ಹೈದರಾಬಾದು ರಾಜ್ಯದಲ್ಲಿಯೇ ಉಳಿಸಲು ಹೇಳಿತು. ಅದನ್ನು ತಾಲೂಕುವಾರು ಹಂಚಿದುದು ಮರುವರ್ಷ ಸಂಸತ್ತು ಅಂಗೀಕರಿಸಿದ ಶಾಸನ. ಹಾಗೆಂದು ವರದಿಯು ಕನ್ನಡಿಗರ ಮೆಚ್ಚುಗೆಯನ್ನೇನೂ ಪಡೆಯಲಿಲ್ಲ. ಬಳ್ಳಾರಿಯನ್ನು ಆಂಧ್ರಕ್ಕೂ ಕಾಸರಗೋಡನ್ನು ಕೇರಳಕ್ಕೂ ಅದು ಸೂಚಿಸಿತ್ತು. ಬಳ್ಳಾರಿ ಉಳಿಯಿತು, ಕಾಸರಗೋಡು ಹೋಯಿತು.

ಗೆರೆಯನ್ನು ಎಲ್ಲಿ ಎಳೆದರೂ ಆಚೆಯೀಚೆ ಅನ್ಯಭಾಷಿಕರು ಉಳಿದೇ ಉಳಿಯುವರೆಂಬುದನ್ನು ಆಯೋಗವು ಅರಿತಿತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ ಮನ್ನಣೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯ ಮೂಲವಿದು. ಅದರಂತೆ ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಇಂತಹ ಮಕ್ಕಳ ಶಿಕ್ಷಣಕ್ಕೆ ಸಾಕಷ್ಟು ಅನುಕೂಲತೆ ಒದಗಿಸಲು ಯತ್ನಿಸತಕ್ಕದ್ದು. 'ಯತ್ನ'ವೆಂಬ ಮಾತು ಸಡಿಲವೆಂದೇ ನಮಗೆ ತೋರುತ್ತದೆ. ಆದರೆ ಈ ವಿಷಯದಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. ಜೊತೆಗೇ ಸೇರಿದ 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರನ್ನು ನೇಮಿಸಿದೆ. ಅವರ ವರದಿಗಳು ಸಂಸತ್ತಿನ ಮುಂದೆ ಬರತಕ್ಕವು. ಕನ್ನಡ ಶಾಲೆಯಲ್ಲಿ ಶಿಕ್ಷಕರ ಜಾಗ ತೆರವಾಗಿಯೇ ಉಳಿದಾಗ ಮನವಿ ಬರೆಯುವ ಪಾಲಕರು ಈ ಎರಡು ವಿಧಿಗಳನ್ನು ಅವುಗಳ ಸಂಖ್ಯೆಸಹಿತ ಅದರಲ್ಲಿ ಕಾಣಿಸಬೇಕು.