ವಿಜಯಪುರ ಸೀಮೆಯಲ್ಲಿ ಸಿಡುಬು ನಿವಾರಣೆ ಮತ್ತು ಮಕ್ಕಳು

ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಇತಿಹಾಸವೆಂದೊಡನೆ ಶಾಸನಗಳು, ಬಸವಣ್ಣನವರ ಜನ್ಮಸ್ಥಳ, ಆದಿಲಶಾಹಿ ಆಳಿಕೆ, ಬರಗಾಲಗಳು ಅಭ್ಯಾಸಿಗಳ ಕಣ್ಣಿಗೆ ಮೊದಲು ಬೀಳುತ್ತವೆ. ಆದರೆ ಈ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳು ಬದುಕಿ ಉಳಿದ ಬಗೆಯೂ ಇತಿಹಾಸದ ವಿಷಯವೇ ಆಗಿದೆ. ಸಿಡುಬಿನಿಂದ ಮಕ್ಕಳನ್ನು ಕಾಯುವ ಪ್ರಯತ್ನ ಇಲ್ಲಿ ಹೇಗೆ ಸಾಗಿತು, ತಾಯಿತಂದೆಗಳು ಅದಕ್ಕೆ ತೋರಿದ ಹಿಂಜರಿಕೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಆ ಹಿಂಜರಿಕೆಗೆ ಮೂಢನಂಬಿಕೆಯೇ ಕಾರಣವೆಂದು ಹೇಳಿಬಿಡುವುದು ವಾಡಿಕೆ. ಜನರು ಸಿಡುಬನ್ನು ಮೈಲಿಬೇನೆಯೆಂದೂ ದೇವಿಯೆಂದೂ ಕರೆಯುತ್ತಿದ್ದುದು, ರೋಗಿಯ ಬಳಿ ಬೇವಿನ ಸೊಪ್ಪನ್ನು ಇರಿಸುತ್ತಿದ್ದುದು ನಿಜ. ಆದರೆ ಲಸಿಕೆ ಚುಚ್ಚುವ ಕೆಲಸಕ್ಕೂ ‘ದೇವಿ ಹಾಕುವುದು’ ಎಂಬ ಮಾತೇ ರೂಢಿಗೆ ಬಂದಿತು. ಬೇನೆಗೂ ಅದರ ತಡೆಗೂ ಒಂದೇ ಹೆಸರನ್ನು ಕೊಟ್ಟ ಜನರು ಹೊಸ ವಿಧಾನವನ್ನು ದೇವಿಗೆ ಎದುರಾದುದೆಂದು ಎಣಿಸಿದ್ದರೆನ್ನುವುದು ಕಷ್ಟ. ಹಿಂಜರಿಕೆಯ ಮೂಲವನ್ನು ಆ ಕಾಲದ ವಿಧಾನದಲ್ಲಿಯೇ ಹುಡುಕಬೇಕಾಗುತ್ತದೆ.

ಎಡ್ವರ್ಡ್ ಜೆನ್ನರನು 1796ರ ಮೇ 14ರಂದು ಇಂಗ್ಲಂಡಿನಲ್ಲಿ ಎಂಟು ವರ್ಷದ ಬಾಲಕನೊಬ್ಬನ ಮೇಲೆ ಗೋಸಿಡುಬಿನ ಪ್ರಯೋಗವನ್ನು ನಡೆಸಿದನು. ಆ ಲಸಿಕೆ ಬಾಗದಾದು, ಬಸರಾ ಮಾರ್ಗವಾಗಿ ಮುಂಬಯಿಯನ್ನು ತಲುಪಿತು. 1802ರ ಜೂನ್ 14ರಂದು ಅಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯಲ್ಲಿ ಅದು ಮೊದಲ ಬಾರಿ ಫಲಿಸಿತು. ಅವಳ ತೋಳಿನಿಂದ ಬೇರೆ ಮಕ್ಕಳ ತೋಳಿಗೆ, ಅವರಿಂದ ಮತ್ತೆ ಬೇರೆಯವರಿಗೆ ದಾಟುತ್ತ ಲಸಿಕೆ ದೇಶದಲ್ಲಿ ಹರಡಿತು.

ಈ ‘ತೋಳಿನಿಂದ ತೋಳಿಗೆ’ ದಾಟಿಸುವ ಪದ್ಧತಿಯನ್ನು ಗಮನಿಸಬೇಕು. ಲಸಿಕೆ ಹಾಕಿಸಿಕೊಂಡ ಕೂಸಿನ ತೋಳಿನಲ್ಲಿ ಏಳೆಂಟು ದಿನಗಳಿಗೆ ಗುಳ್ಳೆ ಏಳುತ್ತಿತ್ತು. ಅದನ್ನು ಚುಚ್ಚಿ ತೆಗೆದ ರಸವನ್ನೇ ಮುಂದಿನ ಕೂಸಿಗೆ ಹಾಕಬೇಕಾಗಿತ್ತು. ಒಣಗಿಸಿಟ್ಟ ರಸ ದಖ್ಖನದ ಬೇಸಗೆಯಲ್ಲಿ ಸತ್ತ್ವಹೀನವಾಗುತ್ತಿದ್ದುದರಿಂದ ಕೆಲಸವು ಬಹುಮಟ್ಟಿಗೆ ಚಳಿಗಾಲದಲ್ಲಿಯೇ ನಡೆಯುತ್ತಿತ್ತು; ಸರಪಳಿ ಕಡಿಯದಂತೆ ಗುಳ್ಳೆಯೆದ್ದ ಮಕ್ಕಳನ್ನು ಊರಿಂದೂರಿಗೆ ಕರೆದೊಯ್ಯುವುದೂ ಇತ್ತು. ನೋಯುತ್ತಿರುವ ತೋಳನ್ನು ಮತ್ತೆ ಚುಚ್ಚಿಸುವುದಕ್ಕೆ ತಾಯಿ ಒಪ್ಪದಿದ್ದರೆ, ಅನ್ಯರ ಮೈಯ ರಸ ತನ್ನ ಕೂಸಿನ ಮೈ ಸೇರುವುದಕ್ಕೆ ತಂದೆ ಅಂಜಿದರೆ, ಅದನ್ನು ಅಜ್ಞಾನವೆನ್ನಲಾಗದು. ಈ ಪದ್ಧತಿಯಿಂದ ಉಪದಂಶದಂಥ ರೋಗಗಳು ದಾಟಬಹುದೆಂಬುದನ್ನು ವೈದ್ಯರೇ ಮುಂದೆ ಒಪ್ಪಿಕೊಂಡರು.

1864ರಲ್ಲಿ ಕಲಾದಗಿ ಜಿಲ್ಲೆ ರಚಿತವಾಯಿತು. 1885ರಲ್ಲಿ ಅದರ ಮುಖ್ಯಸ್ಥಳ ವಿಜಯಪುರಕ್ಕೆ ಬಂದಿತು. ಆ ಕಾಲದ ಮುಂಬಯಿ ಪ್ರಾಂತದ ಗ್ಯಾಸೆಟಿಯರುಗಳು ದೇವಿ ಹಾಕಿಸಿಕೊಂಡವರನ್ನು ಲಿಂಗ, ಮತ ಮತ್ತು ವಯಸ್ಸಿನ ಮೇರೆಗೆ ವಿಂಗಡಿಸಿವೆ. ವಯಸ್ಸಿನಲ್ಲಿ ಎರಡೇ ವರ್ಗಗಳು: ಒಂದು ವರ್ಷದ ಒಳಗಿನವರು ಮತ್ತು ಮೇಲಿನವರು. ಕೂಸು ಸರಕಾರದ ಎಣಿಕೆಗೆ ಬಂದುದಕ್ಕೆ ಇದೊಂದು ಕುರುಹು. ಆದರೆ ಈ ಅಂಕೆಗಳನ್ನು ಎಚ್ಚರದಿಂದ ಓದಬೇಕು. 1876–78ರ ಬರದಲ್ಲಿ ಈ ಜಿಲ್ಲೆ ಬಹಳ ನಲುಗಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಅಂಥ ವರ್ಷಗಳಲ್ಲಿ ಲಸಿಕೆಯ ಅಂಕೆ ಇಳಿದರೆ ಅದು ವಿರೋಧಕ್ಕೆ ಮಾತ್ರವಲ್ಲ, ತೊಟ್ಟಿಲು ಬರಿದಾದುದಕ್ಕೂ ಸಾಕ್ಷಿಯಾಗಬಹುದು.

1892ರ ಮುಂಬಯಿ ಜಿಲ್ಲಾ ಲಸಿಕೆ ಕಾಯಿದೆಯು ಮಕ್ಕಳಿಗೆ ದೇವಿ ಹಾಕಿಸುವುದನ್ನು ಕಡ್ಡಾಯಗೊಳಿಸಿತು. ಆದರೆ ಅದು ಸರಕಾರ ಗೊತ್ತುಪಡಿಸಿದ ಪ್ರದೇಶಗಳಿಗೆ ಮಾತ್ರ ಅನ್ವಯಿಸುವಂಥದಾಗಿತ್ತು. ಕಾಯಿದೆಗಿಂತ ಹೆಚ್ಚಿನ ಮಾರ್ಪಾಟು ಬಂದುದು ಕರುಗಳ ಮೈಯಲ್ಲಿ ಲಸಿಕೆ ಬೆಳೆಸುವ ವಿಧಾನದಿಂದ. ಗೋವಿನ ಸಂತತಿಗೆ ನೋವಾಗುವುದೆಂಬ ಶಂಕೆ ಇದಕ್ಕೂ ಎದುರಾಯಿತು. ಆದರೂ ಒಂದು ಕೂಸಿನ ರಕ್ಷಣೆಗೆ ಇನ್ನೊಂದು ಕೂಸಿನ ತೋಳನ್ನು ಚುಚ್ಚುವ ಅಗತ್ಯ ತಪ್ಪಿತು. ಇಪ್ಪತ್ತನೆಯ ಶತಮಾನದಲ್ಲಿ ಬೆಳಗಾವಿಯ ಲಸಿಕಾ ಸಂಸ್ಥೆ ಈ ಕೆಲಸದಲ್ಲಿ ತೊಡಗಿತ್ತು. ಬಿಸಿಲಿಗೆ ಬೇಗ ಕೆಡದ, ಶೀತದಲ್ಲಿ ಒಣಗಿಸಿದ ಲಸಿಕೆಯನ್ನು ಮುಂದೆ ತಯಾರಿಸಿದ ಭಾರತದ ಕೆಲವೇ ಸಂಸ್ಥೆಗಳಲ್ಲಿ ಅದೂ ಒಂದು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮಕ್ಕೆ ಇಂಥ ಲಸಿಕೆಯೇ ಬಲವಾಯಿತು. 1975ರ ಮೇ ತಿಂಗಳ ಬಳಿಕ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಇಷ್ಟರಿಂದ ನಾವು ತಲುಪುವ ನಿರ್ಣಯ ಇದು: ತಾಯಿತಂದೆಗಳ ಹಿಂಜರಿಕೆ ಬಹುಮಟ್ಟಿಗೆ ರಕ್ಷಣೆಗೆ ತೋರಿದ ವಿರೋಧವಲ್ಲ, ಅದರ ವಿಧಾನದ ಬಗೆಗೆ ಕೇಳಿದ ಪ್ರಶ್ನೆ. ಪ್ರಶ್ನೆಗೆ ಉತ್ತರ ದೊರೆತಂತೆ ದಾರಿ ಸುಗಮವಾಯಿತು. ಈ ಅರಿವು ಗತಕಾಲಕ್ಕೆ ಮಾತ್ರ ಸಲ್ಲುವಂಥದಲ್ಲ. 2017ರಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಹಾಕಿದಾಗಲೂ ಸಂಶಯದ ಮಾತುಗಳು ಎದ್ದವು. ‘ಲಸಿಕೆ’ ಎಂಬ ಶಬ್ದದ ಮೂಲಾರ್ಥವೇ ಮೈಯಿಂದ ಒಸರುವ ತಿಳಿರಸ. ಒಂದು ಕಾಲಕ್ಕೆ ಆ ರಸವನ್ನು ಕೊಟ್ಟವರು ಹೆಸರು ಉಳಿಯದ ಅಸಂಖ್ಯ ಮಕ್ಕಳು. ನಮ್ಮ ತಾಲೂಕುಗಳ ಚರಿತ್ರೆಯನ್ನು ಬರೆಯುವವರು ಅವರಿಗೂ ಒಂದು ಪುಟವನ್ನು ಮೀಸಲಿಡುವುದು ಉಚಿತ.